ಸೀಟಿ ಯಾರ ಕೈಯಲ್ಲಿ?

ಒಂದು ಚೆಂಡಿನಿಂದ ಶುರು ಮಾಡುತ್ತೇನೆ. ಡಾಂಬರು ರಸ್ತೆ ಮುಗಿದ ಮೇಲೆ ಇನ್ನೂ ಎರಡು ಗಂಟೆ ನಡೆಯಬೇಕಾದ ಹಳ್ಳಿಯೊಂದರ ಶಾಲೆ. ಅಲ್ಲಿಗೆ ಕ್ರೀಡಾ ಸಾಮಗ್ರಿಯ ಪೆಟ್ಟಿಗೆ ಬಂದು ಎಂಟು ತಿಂಗಳಾಗಿತ್ತು. ಆಟ ಕಲಿಸಲು ನಾನು ಹೋದ ದಿನ ಬೀರು ತೆಗೆಸಿ ನೋಡಿದೆ. ವಾಲಿಬಾಲ್ ನೆಟ್ ಇನ್ನೂ ಪ್ಲಾಸ್ಟಿಕ್ ಚೀಲದೊಳಗೇ ಇತ್ತು. ನಾಲ್ಕು ಚೆಂಡುಗಳಿದ್ದವು. ನಾಲ್ಕೂ ಗಾಳಿ ಹೋಗಿ, ಬಟ್ಟಲಿನಂತೆ ಒಳಕ್ಕೆ ತಗ್ಗಿ ಕುಳಿತಿದ್ದವು. ಪಂಪ್ ಇತ್ತು, ಪಂಪಿನ ತುದಿಗೆ ಹಾಕುವ ಸೂಜಿ ಇರಲಿಲ್ಲ. ಮೊದಲ ವಾರವೇ ಮುರಿದಿತ್ತಂತೆ. ಬೆರಳುದ್ದದ ಆ ಸೂಜಿ ಪೇಟೆಯಲ್ಲಿ ಸಿಗುತ್ತದೆ, ಪೇಟೆಗೆ ಹೋಗಿಬರಲು ಒಂದು ದಿನ ಬೇಕು. ಆದರೆ ಆ ಎಂಟು ತಿಂಗಳಲ್ಲಿ ಊರಿನವರು ಎಷ್ಟೋ ಸಲ ಪೇಟೆಗೆ ಹೋಗಿಬಂದಿದ್ದರು. ಯಾರೂ ತರಲಿಲ್ಲ.

ಯಾಕೆ ತರಿಸಲಿಲ್ಲ ಎಂದು ಹೊರಗೆ ನಿಂತಿದ್ದ ಹುಡುಗರನ್ನು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಒಬ್ಬ ಹೇಳಿದ: "ಅದು ಶಾಲೆಯದಲ್ಲವೇ ಟೀಚರ್?"

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಚೆಂಡು ಬಂದದ್ದು ಅವರಿಗಾಗಿ. ಪೆಟ್ಟಿಗೆಯ ಮೇಲೆ ಗ್ರಾಮೀಣ ಯುವಜನರಿಗೆ ಎಂದೇ ಬರೆದಿತ್ತು. ಆದರೆ ಬೀರಿನ ಕೀಲಿ ಅವರ ಬಳಿ ಇರಲಿಲ್ಲ, ಯಾವ ಚೆಂಡು ಬೇಕು ಎಂದು ಅವರನ್ನು ಯಾರೂ ಕೇಳಿರಲಿಲ್ಲ, ಹಾಳಾದರೆ ಸರಿ ಮಾಡಿಸುವ ಹಕ್ಕು ತಮಗಿದೆ ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಆ ಹುಡುಗನ ಮಾತಿನ ಸುತ್ತಲೇ ಇದೆ. ಕ್ರೀಡೆಯಿಂದ ಯುವಜನರ ಸಬಲೀಕರಣ ಎಂದು ನಾವು ವೇದಿಕೆಗಳಲ್ಲಿ ಹೇಳುತ್ತಲೇ ಇರುತ್ತೇವೆ. ಚೆಂಡು ಕೊಟ್ಟು ಕೀಲಿ ನಮ್ಮ ಬಳಿಯೇ ಇಟ್ಟುಕೊಂಡರೆ ಯಾವ ಬಲ ಯಾರಿಗೆ ಬಂದಂತಾಯಿತು?

ದೂರದ ಹಳ್ಳಿ ಎಂದಾಗ ನಮಗೆ ಮೊದಲು ಹೊಳೆಯುವುದು ಕಿಲೋಮೀಟರ್. ಅಲ್ಲಿ ಕೆಲಸ ಮಾಡಿದವರಿಗೆ ಮೊದಲು ಎದುರಾಗುವುದು ತಲೆಗಳ ಲೆಕ್ಕ. ನಲವತ್ತು ಮನೆಗಳ ಊರಿನಲ್ಲಿ ಹನ್ನೆರಡರಿಂದ ಹದಿನೆಂಟು ವರ್ಷದವರು ಎಷ್ಟು ಮಂದಿ ಇರುತ್ತಾರೆ? ಹಾಸ್ಟೆಲಿಗೆ ಹೋದವರು, ದುಡಿಯಲು ಹೋದವರು, ಮದುವೆಯಾಗಿ ಹೋದವರನ್ನು ಕಳೆದರೆ ಹದಿನೈದು ಜನ ಉಳಿದರೆ ಹೆಚ್ಚು. ಹನ್ನೊಂದು ಜನರ ಎರಡು ತಂಡ ಅಲ್ಲಿ ಕನಸಿನ ಮಾತು. ಹೀಗಾಗಿ ಆಟವನ್ನು ಆರಿಸುವಾಗ ನಮ್ಮ ಇಷ್ಟವನ್ನು ಬದಿಗಿಟ್ಟು ಅಲ್ಲಿರುವ ಮಕ್ಕಳನ್ನು ಎಣಿಸಬೇಕು. ಕಬಡ್ಡಿಗೆ ಒಂದು ಕಡೆ ಏಳು ಜನ ಸಾಕು, ವಾಲಿಬಾಲಿಗೆ ಆರು. ಓಟಕ್ಕೆ ಒಬ್ಬರಿದ್ದರೂ ಆಯಿತು.

ನನಗೆ ವಾಲಿಬಾಲ್ ಮೇಲೆ ವಿಶೇಷ ಪ್ರೀತಿ. ಅದಕ್ಕೆ ಕಾರಣ ಅದರ ಸರದಿಯ ನಿಯಮ. ಸರ್ವ್ ಮಾಡುವ, ಅಂದರೆ ಚೆಂಡು ಹೊಡೆದು ಆಟ ಶುರು ಮಾಡುವ ಹಕ್ಕನ್ನು ಗೆದ್ದುಕೊಂಡಾಗಲೆಲ್ಲ ತಂಡದ ಆರೂ ಜನ ಒಂದೊಂದು ಸ್ಥಾನ ಸುತ್ತಬೇಕು. ಎಷ್ಟೇ ಸಣ್ಣವನಾಗಲಿ, ಎಷ್ಟೇ ನಾಚಿಕೆಯವಳಾಗಲಿ, ಸರದಿ ಬಂದಾಗ ಹಿಂದಿನ ಗೆರೆಯ ಆಚೆ ಒಬ್ಬರೇ ನಿಂತು ಸರ್ವ್ ಮಾಡಲೇಬೇಕು. ಆ ಕ್ಷಣ ಎಲ್ಲರ ಕಣ್ಣೂ ಅವರ ಮೇಲೆ. ಚೆಂಡು ನೆಟ್ಟಿಗೆ ಬಡಿದು ಬಿದ್ದರೂ ಮುಂದಿನ ಸುತ್ತಿನಲ್ಲಿ ಅವರ ಸರದಿ ಮತ್ತೆ ಬರುತ್ತದೆ. ಗಟ್ಟಿಗನೊಬ್ಬನೇ ಇಡೀ ಆಟವನ್ನು ಆಡಿಬಿಡಲು ನಿಯಮವೇ ಬಿಡುವುದಿಲ್ಲ. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತು ಅಭ್ಯಾಸವಾದ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಂಡಿಲ್ಲ.

ಜಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಥಾಯ್ಲೆಂಡಿನ ಫಾಂಗ್ ನ್ಗಾ ಕೊಲ್ಲಿಯಲ್ಲಿ ಕೋ ಪನ್ಯಿ ಎಂಬ ಮೀನುಗಾರರ ಊರಿದೆ. ಊರೆಲ್ಲ ನೀರಿನ ಮೇಲೆ, ಕಂಬಗಳ ಮೇಲೆ ನಿಂತಿದೆ. ಆಡಲು ಅಂಗೈಯಷ್ಟು ಮಣ್ಣಿಲ್ಲ. 1986ರ ಫುಟ್‌ಬಾಲ್ ವಿಶ್ವಕಪ್ ನೋಡಿ ಹುರುಪುಗೊಂಡ ಅಲ್ಲಿನ ಹುಡುಗರು ಹಳೆಯ ಮರದ ತುಂಡುಗಳನ್ನೂ ಮೀನು ಸಾಕುವ ತೆಪ್ಪಗಳನ್ನೂ ಸೇರಿಸಿ ತೇಲುವ ಅಂಗಣವನ್ನೇ ಕಟ್ಟಿಕೊಂಡರು. ಚೆಂಡು ನೀರಿಗೆ ಬಿದ್ದರೆ ಹಾರಿ ತರಬೇಕು. ಮೊಳೆ ಹೊಡೆದವರು ಅವರೇ ಆದ್ದರಿಂದ ಇದು ಯಾರದು ಎಂಬ ಪ್ರಶ್ನೆ ಅಲ್ಲಿ ಏಳಲಿಲ್ಲ.

ಈಗ ನಿಮಗೆಲ್ಲ ಗೊತ್ತಿರುವ ದೊಡ್ಡ ಕಥೆಗಳಿಗೆ ಬರುತ್ತೇನೆ. ಇಥಿಯೋಪಿಯಾದ ಎತ್ತರದ ಬಯಲಿನಲ್ಲಿ ಬೆಕೋಜಿ ಎಂಬ ಪುಟ್ಟ ಊರಿದೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಟ ಗೆದ್ದ ಡೆರಾರ್ಟು ಟುಲು, 1996ರ ಅಟ್ಲಾಂಟಾದಲ್ಲಿ ಮ್ಯಾರಥಾನ್ ಗೆದ್ದ ಫಾತುಮಾ ರೋಬಾ, ಮೂರು ಮೂರು ಒಲಿಂಪಿಕ್ ಚಿನ್ನಗಳ ಕೆನೆನಿಸಾ ಬೆಕೆಲೆ ಮತ್ತು ತಿರುನೆಶ್ ಡಿಬಾಬಾ, ಇವರೆಲ್ಲ ಆ ಊರಿನ ಕಡೆಯವರು. ಅಲ್ಲಿನ ಮಕ್ಕಳನ್ನು ಓಡಿಸಿದ ಸೆಂತಾಯೆಹು ಎಶೆಟು ಒಬ್ಬ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರು. ಕೆನ್ಯಾದ ಇಟೆನ್ ಊರಿನ ಕಥೆಯೂ ಹೀಗೆಯೇ. 1976ರಲ್ಲಿ ಐರ್ಲೆಂಡಿನಿಂದ ಭೂಗೋಳ ಪಾಠ ಹೇಳಲು ಬಂದ ಬ್ರದರ್ ಕಾಲ್ಮ್ ಓ'ಕಾನೆಲ್ ಅವರಿಗೆ ಓಟದ ತರಬೇತಿಯ ಹಿನ್ನೆಲೆಯೇ ಇರಲಿಲ್ಲ. ಅವರು ತಿದ್ದಿದ ಡೇವಿಡ್ ರುಡಿಶಾ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಓಟವನ್ನು 1 ನಿಮಿಷ 40.91 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಬರೆದರು.

ಈ ಕಥೆಗಳನ್ನು ನಾನು ತುಂಬ ಗೌರವದಿಂದ ಹೇಳುತ್ತೇನೆ. ಹಳ್ಳಿಯ ಶಾಲೆಯ ಮೇಷ್ಟರೊಬ್ಬರು ಏನು ಮಾಡಬಲ್ಲರು ಎನ್ನುವುದಕ್ಕೆ ಇವು ಸಾಕ್ಷಿ. ಆದರೂ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ಬೆಕೋಜಿಯ ಬೆಳಗಿನ ಚಳಿಯಲ್ಲಿ ತಿರುನೆಶ್ ಜೊತೆ ಓಡಿದ ಉಳಿದ ಹುಡುಗಿಯರು ಏನಾದರು? ಒಲಿಂಪಿಕ್ ವೇದಿಕೆಯಲ್ಲಿ ನಿಲ್ಲುವುದು ಮೂರೇ ಜನ. ಪದಕವನ್ನೇ ಗುರಿ ಮಾಡಿಕೊಂಡ ಯೋಜನೆ ಹಳ್ಳಿಗೆ ಬಂದರೆ ಅದು ಒಬ್ಬ ಮಗುವನ್ನು ಆರಿಸಿ, ತೊಂಬತ್ತೊಂಬತ್ತು ಮಕ್ಕಳಿಗೆ ನೀವು ಸಾಲದವರು ಎಂದು ಹೇಳಿ ಹೋಗುತ್ತದೆ. ಆ ಮಾತನ್ನು ಆ ಮಕ್ಕಳು ಮೊದಲೇ ಬೇರೆ ಬೇರೆ ಕಡೆಗಳಿಂದ ಸಾಕಷ್ಟು ಕೇಳಿರುತ್ತಾರೆ.

ನಮ್ಮಲ್ಲಿಯೇ ನಡೆದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬೇಕು. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯನ್ನು ಶುರು ಮಾಡಿತು. ಗುಡ್ಡಗಾಡು, ಕಾಡು, ಕರಾವಳಿಯ ಸಮುದಾಯಗಳಲ್ಲಿ ಪ್ರತಿಭೆ ಹುಡುಕುವುದು ಅದರ ಉದ್ದೇಶ. ರಾಜಸ್ಥಾನದ ಉದಯಪುರ ಕಡೆಯ ಬುಡಕಟ್ಟು ಹುಡುಗ ಲಿಂಬಾ ರಾಮ್ ಬಿದಿರಿನ ಬಿಲ್ಲಿನಿಂದ ಅಂತರರಾಷ್ಟ್ರೀಯ ಬಿಲ್ಲುಗಾರಿಕೆಗೆ ಬಂದದ್ದು ಆ ದಾರಿಯಲ್ಲಿಯೇ. 1992ರಲ್ಲಿ ಬೀಜಿಂಗಿನಲ್ಲಿ ಅವರು 30 ಮೀಟರ್ ವಿಭಾಗದ ವಿಶ್ವದಾಖಲೆಯನ್ನು ಸರಿಗಟ್ಟಿದರು. ಅದೇ ಯೋಜನೆಯಲ್ಲಿ ಉತ್ತರ ಕನ್ನಡದ ಕಾಡಂಚಿನ ಸಿದ್ದಿ ಸಮುದಾಯದ ಮಕ್ಕಳನ್ನೂ ಆರಿಸಿ ಹಾಸ್ಟೆಲುಗಳಿಗೆ ಕರೆದೊಯ್ದರು. ಮೂಲ ಆಫ್ರಿಕಾದ್ದು, ಆದ್ದರಿಂದ ಓಟ ರಕ್ತದಲ್ಲಿಯೇ ಇರುತ್ತದೆ ಎಂಬುದು ಆ ಆಯ್ಕೆಯ ಹಿಂದಿನ ಎಣಿಕೆ. ನನ್ನ ಮಟ್ಟಿಗೆ ತಪ್ಪು ಅಲ್ಲಿಂದಲೇ ಶುರುವಾಯಿತು. ಮಕ್ಕಳಿಗಿಂತ ಮೊದಲು ಅವರ ಕಾಲುಗಳನ್ನು ನೋಡಲಾಯಿತು.

ಆ ಮಕ್ಕಳು ಓಡಿದರು, ಪದಕಗಳನ್ನೂ ತಂದರು. 1990ರ ದಶಕದ ಮೊದಲ ವರ್ಷಗಳಲ್ಲಿ ಸಿದ್ದಿ ಮಕ್ಕಳ ಆ ತರಬೇತಿ ನಿಂತುಹೋಯಿತು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತು. ಹಲವರು ಊರಿಗೆ ಮರಳಿ ಕೂಲಿಗೆ ಇಳಿದರು. ಎಷ್ಟೋ ವರ್ಷಗಳ ನಂತರ ಆ ಸಮುದಾಯದ ಮಕ್ಕಳಿಗಾಗಿ ತರಬೇತಿ ಮತ್ತೆ ಶುರುವಾಯಿತು, ನಿಜ. ಆದರೆ ಮಧ್ಯದಲ್ಲಿ ಒಂದು ತಲೆಮಾರು ಕಳೆದುಹೋಯಿತು. ನಾನು ಇದನ್ನು ಯಾರನ್ನೋ ದೂರಲು ಹೇಳುತ್ತಿಲ್ಲ. ಯೋಜನೆ ನಿಂತ ದಿನ ಸಿದ್ದಿ ಹಳ್ಳಿಗಳಲ್ಲಿ ಏನು ಉಳಿಯಿತು ಎಂಬುದನ್ನು ಯೋಚಿಸಿ ನೋಡಿ. ತರಬೇತುದಾರರು ಹೊರಗಿನವರು, ಹಾಸ್ಟೆಲ್ ಹೊರಗಡೆ, ಆಯ್ಕೆ ಮಾಡುವವರೂ ಹೊರಗಿನವರು. ಆಟವೇ ಊರಿನೊಳಗೆ ಬಂದಿರಲಿಲ್ಲ. ಹೀಗಾಗಿ ಅದು ಹೋದಾಗ ಹಿಡಿದಿಟ್ಟುಕೊಳ್ಳಲು ಊರಿನವರ ಕೈಗೆ ಏನೂ ಸಿಗಲಿಲ್ಲ.

ಇದರ ಪಕ್ಕದಲ್ಲಿ ಜಾರ್ಖಂಡಿನ ಸಿಮ್ಡೇಗಾ ಮತ್ತು ಖೂಂಟಿ ಕಡೆಯ ಹಾಕಿಯನ್ನು ಇಟ್ಟು ನೋಡಿ. 1928ರಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಹೋದ ಭಾರತದ ಹಾಕಿ ತಂಡದ ನಾಯಕ ಜೈಪಾಲ್ ಸಿಂಗ್ ಮುಂಡಾ ಆ ಸೀಮೆಯವರು. ಅಲ್ಲಿನ ಹಳ್ಳಿಗಳು ತಾವೇ ಪಂದ್ಯಾವಳಿ ನಡೆಸುತ್ತವೆ. ಗೆದ್ದ ತಂಡಕ್ಕೆ ಬಹುಮಾನ ಒಂದು ಮೇಕೆ. ಅದಕ್ಕೆ ಖಸ್ಸಿ ಪಂದ್ಯಾವಳಿ ಎಂದೇ ಹೆಸರು. ಮಕ್ಕಳು ಬಿದಿರಿನ ಕೋಲಿನಲ್ಲಿ ಆಟ ಕಲಿಯುತ್ತಾರೆ. ಖೂಂಟಿಯ ಹೆಸಲ್ ಹಳ್ಳಿಯ ನಿಕ್ಕಿ ಪ್ರಧಾನ್ 2016ರ ರಿಯೊ ಒಲಿಂಪಿಕ್ಸ್‌ಗೆ ಹೋದರು. ಸಿಮ್ಡೇಗಾದ ಸಲೀಮಾ ಟೇಟೆ ಟೋಕಿಯೊದಲ್ಲಿ ಆಡಿ, 2024ರಲ್ಲಿ ಭಾರತ ಮಹಿಳಾ ತಂಡದ ನಾಯಕಿಯಾದರು. ಅವರು ಆಯ್ಕೆಯಾಗದೆ ಹೋಗಿದ್ದರೂ ಮುಂದಿನ ವಾರ ಊರಿನಲ್ಲಿ ಪಂದ್ಯ ನಡೆಯುತ್ತಿತ್ತು, ಮೇಕೆಯನ್ನು ಯಾರೋ ಹೊತ್ತುಕೊಂಡು ಹೋಗುತ್ತಿದ್ದರು. ನಮ್ಮ ಕೊಡಗಿನ ಕೌಟುಂಬಿಕ ಹಾಕಿಯೂ ಹಾಗೆಯೇ ತಾನೇ? 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡ ಗ್ರಾಮದಲ್ಲಿ ಶುರು ಮಾಡಿದ್ದನ್ನು ಒಂದೊಂದು ವರ್ಷ ಒಂದೊಂದು ಕುಟುಂಬ ಹೊತ್ತು ನಡೆಸುತ್ತಿದೆ. ಒಂದೇ ತಂಡದಲ್ಲಿ ಹೆಣ್ಣುಮಕ್ಕಳೂ ಆಡುತ್ತಾರೆ, ಹಿರಿಯರೂ ಆಡುತ್ತಾರೆ.

ಇವುಗಳಿಂದ ನಾನು ಕಲಿತದ್ದು ಒಂದೇ. ಆಡುವುದರಿಂದ ಮಗುವಿಗೆ ಆರೋಗ್ಯ ಬರುತ್ತದೆ, ಗೆಳೆತನ ಬರುತ್ತದೆ, ಸಂತೋಷ ಬರುತ್ತದೆ. ಬಲ ಬರುವುದು ಆಟವನ್ನು ನಡೆಸುವುದರಿಂದ. ಗೆರೆ ಎಳೆಯುವುದು, ಹೊತ್ತು ಗೊತ್ತು ಮಾಡುವುದು, ಅಂಕ ಬರೆಯುವುದು, ಜಗಳ ಬಿಡಿಸುವುದು, ಔಟ್ ಎಂದು ಹೇಳಿ ಆ ಮಾತಿಗೆ ನಿಲ್ಲುವುದು, ಈ ಕೆಲಸಗಳಲ್ಲಿ ಬಲವಿದೆ. ನಾವು ತರಬೇತುದಾರರು ಇವನ್ನೆಲ್ಲ ನಮ್ಮ ಬಳಿ ಇಟ್ಟುಕೊಂಡು ಮಕ್ಕಳಿಗೆ ಬೆವರನ್ನಷ್ಟೇ ಕೊಡುತ್ತೇವೆ.

ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಇದಕ್ಕೆ ಸ್ವಲ್ಪ ಸಮಯ ಬೇಕು, ದಯವಿಟ್ಟು ಕೇಳಿ.

ಮೊದಲು ಹೇಳಿದ ಹಳ್ಳಿಯೇ. ಸೂಜಿ ಬಂದು, ಚೆಂಡಿಗೆ ಗಾಳಿ ತುಂಬಿ, ಶಾಲೆಯ ಹಿಂದೆ ವಾಲಿಬಾಲ್ ಶುರುವಾಗಿತ್ತು. ಆಡುವವರು ಹುಡುಗರು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ದಿನವೂ ತಮ್ಮನನ್ನು ಸೊಂಟದಲ್ಲಿಟ್ಟುಕೊಂಡು ಬಂದು ಅಂಕಣದ ಮೂಲೆಯಲ್ಲಿ ನಿಲ್ಲುತ್ತಿದ್ದಳು. ಆಡಲು ಕರೆದರೆ ಒಲ್ಲೆ ಎಂದು ತಲೆಯಾಡಿಸುತ್ತಿದ್ದಳು. ಒಂದು ದಿನ ಅವಳು ನಿಂತಿದ್ದ ಮೂಲೆಯಲ್ಲಿಯೇ ಚೆಂಡು ಬಿತ್ತು. ಒಂದು ತಂಡ ಒಳಗೆ ಎಂದಿತು, ಇನ್ನೊಂದು ಹೊರಗೆ ಎಂದಿತು. ಜಗಳ ಜೋರಾಗಿ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತೀರ್ಪು ಕೊಡಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಆ ಹುಡುಗಿ, ಯಾರಿಗೂ ಕೇಳಬಾರದು ಎಂಬಷ್ಟು ಸಣ್ಣ ದನಿಯಲ್ಲಿ ಹೇಳಿದಳು: "ಅಂಕಣವೇ ಸೊಟ್ಟಗಿದೆ ಟೀಚರ್."

ಹೇಗೆ ಗೊತ್ತು ಎಂದು ಕೇಳಿದೆ. ಆಯತದ ಎರಡು ಕರ್ಣಗಳು ಸಮ ಇರಬೇಕಲ್ಲವೇ, ಇದು ಹಾಗೆ ಕಾಣುವುದಿಲ್ಲ ಎಂದಳು. ಹುಡುಗರಲ್ಲೊಬ್ಬ ಹೋಗಿ ಹಗ್ಗ ತಂದ. ತಮ್ಮನನ್ನು ನನ್ನ ಕೈಗೆ ಕೊಟ್ಟು ಅವಳು ಹಗ್ಗದ ಒಂದು ತುದಿ ಹಿಡಿದಳು. ಒಂದು ಮೂಲೆಯಿಂದ ಎದುರು ಮೂಲೆಗೆ ಬಿಗಿಯಾಗಿ ಎಳೆದು ಅಲ್ಲೊಂದು ಗಂಟು ಹಾಕಿದರು. ಅದೇ ಹಗ್ಗವನ್ನು ಇನ್ನೊಂದು ಜೋಡಿ ಮೂಲೆಗೆ ಹಿಡಿದಾಗ ಗಂಟು ಒಂದು ಮೊಳಕ್ಕಿಂತ ಹೆಚ್ಚು ಹಿಂದೆಯೇ ಉಳಿಯಿತು. ಯಾರೂ ಮಾತಾಡಲಿಲ್ಲ. ಇಷ್ಟು ದಿನ ಎಲ್ಲರೂ ಸೊಟ್ಟ ಅಂಕಣದಲ್ಲಿ ಆಡಿದ್ದರು, ನಾನೂ ಗಮನಿಸಿರಲಿಲ್ಲ. ಅವತ್ತು ಸಂಜೆಯ ಆಟವನ್ನು ಬಿಟ್ಟು, ಅವಳು ಹೇಳಿದಂತೆ 18 ಮೀಟರ್ ಉದ್ದ, 9 ಮೀಟರ್ ಅಗಲ ಅಳೆದು, ಎರಡೂ ಕರ್ಣ ಸಮ ಬರುವವರೆಗೂ ಗೂಟಗಳನ್ನು ಕಿತ್ತು ನೆಟ್ಟು, ಸುಣ್ಣದ ಪುಡಿ ಹಾಕಿದರು. ಕತ್ತಲಾಗಿತ್ತು.

ಮರುದಿನ ನಾನು ಕೊರಳಿನ ಸೀಟಿ ತೆಗೆದು ಅವಳಿಗೆ ಕೊಟ್ಟೆ. ಮೊದಲ ಸಲ ಊದಿದಾಗ ಅದು ಉಸಿರಿನಷ್ಟೂ ಕೇಳಿಸಲಿಲ್ಲ, ಆಟ ಮುಂದುವರಿಯಿತು. ಎರಡನೆಯ ಸಲವೂ ಹಾಗೆಯೇ. ಸ್ವಲ್ಪ ಹೊತ್ತಿನ ಮೇಲೆ ಊರಿನ ಅತ್ಯುತ್ತಮ ಆಟಗಾರ, ಎಲ್ಲರೂ ಅಣ್ಣ ಎಂದು ಕರೆಯುವ ಯುವಕ, ಎತ್ತರಕ್ಕೆ ಹಾರಿ ಸ್ಮ್ಯಾಶ್ ಹೊಡೆದ. ಚೆಂಡು ಎದುರಿನ ನೆಲಕ್ಕೆ ಬಡಿದು ದೂರ ಹಾರಿತು. ಎಲ್ಲರೂ ಕೂಗಿದರು. ಆ ಕೂಗನ್ನು ಸೀಳಿಕೊಂಡು ಸೀಟಿ ಬಂತು. "ನೆಟ್ ಮುಟ್ಟಿತು ಅಣ್ಣ" ಎಂದಳು. ಅವನು ಇಲ್ಲವೇ ಇಲ್ಲ ಎಂದ. ಅವಳು ನನ್ನ ಕಡೆ ನೋಡಿದಳು.

ನಾನು ಆ ಸ್ಪರ್ಶವನ್ನು ಸ್ಪಷ್ಟವಾಗಿ ಕಂಡಿದ್ದೆ. ಹೌದೆಂದು ತಲೆಯಾಡಿಸಿದ್ದರೆ ಸಾಕಿತ್ತು, ಜಗಳ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆಗ ತೀರ್ಪು ನನ್ನದಾಗುತ್ತಿತ್ತು. ನಾನು ತಲೆ ತಗ್ಗಿಸಿ ನೆಲ ನೋಡುತ್ತ ನಿಂತೆ. ನನ್ನ ಇಷ್ಟು ವರ್ಷಗಳ ಕೆಲಸದಲ್ಲಿ ಅಷ್ಟು ಕಷ್ಟದ್ದು ಬೇರೆ ನೆನಪಿಲ್ಲ. ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಅವಳ ದನಿ: "ನೋಡಿ, ಇನ್ನೂ ಅಲುಗಾಡುತ್ತಿದೆ." ತಲೆ ಎತ್ತಿದೆ. ಅವಳ ಬೆರಳು ನೆಟ್ಟಿನ ಕಡೆ ಇತ್ತು. ಗಾಳಿ ಇಲ್ಲದ ಸಂಜೆಯಲ್ಲಿ ನೆಟ್ಟಿನ ಮೇಲಿನ ಪಟ್ಟಿ ಸಣ್ಣಗೆ ನಡುಗುತ್ತಿತ್ತು. ಆ ಯುವಕ ಅದನ್ನು ನೋಡಿ, ಚೆಂಡನ್ನು ಎತ್ತಿಕೊಂಡು ಬಂದು ಎದುರಿನ ತಂಡಕ್ಕೆ ಕೊಟ್ಟ.

ಆ ಹುಡುಗಿಯ ಬದುಕೇ ಬದಲಾಯಿತು ಎಂದು ನಾನು ಹೇಳುವುದಿಲ್ಲ. ಮುಂದಿನ ವಾರ ಅವಳು ಲೆಕ್ಕದ ಉತ್ತರಪತ್ರಿಕೆ ಹಿಡಿದು ಶಿಕ್ಷಕರ ಬಳಿ ಹೋಗಿ, ಇಲ್ಲಿ ಎರಡು ಅಂಕ ಯಾಕೆ ಕಡಿಮೆ ಎಂದು ಕೇಳಿದಳಂತೆ. ಅಂಕ ಸಿಗಲಿಲ್ಲ, ಕಾರಣ ಸಿಕ್ಕಿತು. ಅದಕ್ಕೆ ಮೊದಲು ಅವಳು ಯಾವ ಶಿಕ್ಷಕರನ್ನೂ ಏನನ್ನೂ ಕೇಳಿದವಳಲ್ಲ.

ಕೆನ್ಯಾದ ಕರಾವಳಿಯಲ್ಲಿ ಕಿಲಿಫಿ ಎಂಬ ಸೀಮೆಯಿದೆ. ಅಲ್ಲಿ 2001ರಲ್ಲಿ ಶುರುವಾದ 'ಮೂವಿಂಗ್ ದ ಗೋಲ್‌ಪೋಸ್ಟ್ಸ್' ಎಂಬ ಸಂಸ್ಥೆ ಹಳ್ಳಿಯ ಹೆಣ್ಣುಮಕ್ಕಳ ಫುಟ್‌ಬಾಲ್ ಲೀಗನ್ನು ಹೆಣ್ಣುಮಕ್ಕಳ ಕೈಯಿಂದಲೇ ನಡೆಸುತ್ತದೆ. ತಂಡಗಳ ಸಮಿತಿಯಲ್ಲಿ ಅವರೇ, ರೆಫರಿ ಅವರೇ, ಪ್ರಥಮ ಚಿಕಿತ್ಸೆ ಅವರದೇ. ಮುಟ್ಟಿನ ಬಗ್ಗೆ, ದೇಹದ ಬಗ್ಗೆ ಮಾತಾಡುವುದೂ ಅಲ್ಲಿ ಆಟದ ಜೊತೆಗೇ ನಡೆಯುತ್ತದೆ. ಬೇರೆ ಕಡೆ ಆ ಮಾತಿಗೆ ಜಾಗವೇ ಇರುವುದಿಲ್ಲ.

ಹೆಣ್ಣುಮಕ್ಕಳ ವಿಷಯ ಬಂದಾಗ ನಮ್ಮವರು ಮೊದಲು ಹೇಳುವುದು ಪೋಷಕರು ಕಳಿಸುವುದಿಲ್ಲ ಎಂದು. ಅದು ಅರ್ಧ ಸತ್ಯ. ನಾವು ಆಟಕ್ಕೆ ಇಟ್ಟ ಹೊತ್ತನ್ನು ನೋಡಿ. ಸಂಜೆ ಐದರಿಂದ ಆರೂವರೆ. ಹುಡುಗರಿಗೆ ಬಿಡುವಿನ ಆ ಹೊತ್ತಿನಲ್ಲಿಯೇ ಹುಡುಗಿಯರ ತಲೆಯ ಮೇಲೆ ನೀರು, ಸೌದೆ, ಒಲೆ, ತಮ್ಮ ತಂಗಿಯರು. ಹಳ್ಳಿಯ ಹುಡುಗಿಯ ಮೈ ದಿನವಿಡೀ ದುಡಿಯುತ್ತದೆ, ವ್ಯಾಯಾಮ ಅವಳಿಗೆ ಕಡಿಮೆಯಾಗಿಲ್ಲ. ಅವಳಿಗಿಲ್ಲದಿರುವುದು ತನ್ನದೇ ಆದ ಒಂದು ಗಂಟೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಆಟದ ಹಕ್ಕನ್ನು ಹೇಳುವಾಗ ವಿಶ್ರಾಂತಿ ಮತ್ತು ಬಿಡುವಿನ ಹಕ್ಕನ್ನೂ ಜೊತೆಗೆ ಹೇಳುತ್ತದೆ. ಆ ಮೂರೂ ಒಟ್ಟಿಗೆ ಬರಬೇಕು. ನಾವು ಮಾಡಿದ್ದು ಇಷ್ಟೇ: ಯಾವ ಹೊತ್ತು ಆದೀತು ಎಂದು ಹುಡುಗಿಯರನ್ನೇ ಕೇಳಿದೆವು. ಶಾಲೆಗೆ ಮೊದಲಿನ ಮುಕ್ಕಾಲು ಗಂಟೆ ಎಂದರು. ಸೊಂಟದ ಮೇಲಿನ ತಮ್ಮ ತಂಗಿಯರನ್ನು ಕರೆತರಲಿ ಎಂದೆವು. ಅವರಿಗಾಗಿ ಅಂಕಣದ ಪಕ್ಕ ಮರದ ನೆರಳಿನಲ್ಲಿ ಜಾಗ ಮಾಡಿ, ಸರದಿಯ ಮೇಲೆ ಒಬ್ಬರು ನೋಡಿಕೊಳ್ಳುವ ಏರ್ಪಾಟು ಹುಡುಗಿಯರೇ ಮಾಡಿಕೊಂಡರು. ಏನು ಉಡಬೇಕು ಎಂಬುದನ್ನೂ ಅವರಿಗೇ ಬಿಟ್ಟೆವು. ಶೌಚಾಲಯಕ್ಕೆ ಬಾಗಿಲು ಹಾಕಿಸಲು ಮಾತ್ರ ನಾನು ಜಗಳವಾಡಬೇಕಾಯಿತು.

ನಿಯಮದಿಂದಲೂ ದಾರಿ ತೆರೆಯಬಹುದು. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನವಾರ್ ಎಂಬ ಹಳ್ಳಿಯಲ್ಲಿ 2015ರಲ್ಲಿ ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ ಅವರ ಮುಂದಾಳತ್ವದಲ್ಲಿ ಒಂದು ಸ್ಕೇಟ್‌ಬೋರ್ಡ್ ಅಂಗಣ ಬಂತು. ಅಲ್ಲಿ ಎರಡು ನಿಯಮಗಳು. ಶಾಲೆಗೆ ಹೋಗದಿದ್ದರೆ ಸ್ಕೇಟಿಂಗ್ ಇಲ್ಲ. ಹುಡುಗಿಯರಿಗೆ ಮೊದಲು. ಆದಿವಾಸಿ ಗೊಂಡ ಮಕ್ಕಳೂ ಯಾದವರ ಮಕ್ಕಳೂ ಒಂದೇ ಇಳಿಜಾರಿನಲ್ಲಿ ಬಿದ್ದು ಎದ್ದು ಕಲಿತರು. ಆಶಾ ಗೊಂಡ್ ಎಂಬ ಹುಡುಗಿ 2018ರಲ್ಲಿ ಚೀನಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ವರೆಗೂ ಹೋದರು. ಕೊಲಂಬಿಯಾದ ಮೆಡೆಲಿನ್ ಹಳ್ಳಿಯಲ್ಲ, ದೊಡ್ಡ ನಗರ. ಆದರೂ ಅಲ್ಲಿ 1990ರ ದಶಕದಲ್ಲಿ ಹುಟ್ಟಿದ ಬೀದಿ ಫುಟ್‌ಬಾಲಿನ ಒಂದು ನಿಯಮವನ್ನು ಹೇಳದಿರಲಾರೆ. ಮೊದಲ ಗೋಲನ್ನು ಹುಡುಗಿಯೇ ಹೊಡೆಯಬೇಕು, ಅಲ್ಲಿಯವರೆಗೆ ಹುಡುಗರ ಗೋಲುಗಳು ಲೆಕ್ಕಕ್ಕಿಲ್ಲ. ಗೆಲ್ಲಬೇಕಾದರೆ ಅವಳಿಗೆ ಪಾಸ್ ಕೊಡಲೇಬೇಕು. ಆ ಆಟಕ್ಕೆ ರೆಫರಿಯೂ ಇರಲಿಲ್ಲ.

ಮಧ್ಯೆ ಒಂದು ಮಾತು ನೆನಪಾಯಿತು. ಮಣಿಪುರದ ಭಾರ ಎತ್ತುವ ಆಟಗಾರ್ತಿ ಮೀರಾಬಾಯಿ ಚಾನು ಅವರ ಊರು ನೊಂಗ್‌ಪೊಕ್ ಕಕ್ಚಿಂಗ್, ತರಬೇತಿ ಕೇಂದ್ರ ಇಂಫಾಲದಲ್ಲಿ, ಮಧ್ಯೆ 20 ಕಿಲೋಮೀಟರಿಗೂ ಹೆಚ್ಚು ದೂರ. ಮರಳು ಸಾಗಿಸುವ ಲಾರಿಗಳ ಚಾಲಕರು ಅವರನ್ನು ದಿನವೂ ಹತ್ತಿಸಿಕೊಂಡು ಹೋಗಿ ಬಿಡುತ್ತಿದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 49 ಕೆ.ಜಿ. ವಿಭಾಗದಲ್ಲಿ ಒಟ್ಟು 202 ಕೆ.ಜಿ. ಎತ್ತಿ ಬೆಳ್ಳಿ ಗೆದ್ದು ಬಂದ ಮೇಲೆ ಅವರು ಆ ಚಾಲಕರನ್ನು ಮನೆಗೆ ಕರೆದು, ಊಟ ಹಾಕಿ, ಬಟ್ಟೆ ಕೊಟ್ಟು ಸನ್ಮಾನಿಸಿದರು. ಆ ಸುದ್ದಿ ಓದಿದಾಗ ನನ್ನ ಕಣ್ಣು ತುಂಬಿತು. ನಮ್ಮ ಯೋಜನೆಗಳಲ್ಲಿ ಶೂಗೆ ದುಡ್ಡು ಇರುತ್ತದೆ, ಬ್ಯಾನರಿಗೆ ಇರುತ್ತದೆ. ಮಗು ಮೈದಾನಕ್ಕೆ ಹೇಗೆ ಬರುತ್ತದೆ, ಕತ್ತಲಾದ ಮೇಲೆ ಹೇಗೆ ಮನೆ ಸೇರುತ್ತದೆ ಎಂಬುದಕ್ಕೆ ಒಂದು ಸಾಲೂ ಇರುವುದಿಲ್ಲ.

ಶಾಲೆಗೂ ಆಟಕ್ಕೂ ಗಂಟು ಹಾಕುವ ಬಗ್ಗೆ ಬಹಳ ಜನ ಕೇಳುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾದ ಒಳನಾಡಿನ ಮೂಲನಿವಾಸಿಗಳ ದೂರದ ಊರುಗಳಲ್ಲಿ 2000ದ ಸುಮಾರಿಗೆ ಈಜುಕೊಳಗಳನ್ನು ಕಟ್ಟಿದರು. ಶಾಲೆಗೆ ಬಂದರೆ ಮಾತ್ರ ಕೊಳಕ್ಕೆ ಪ್ರವೇಶ. 2003ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನವೊಂದು ಅಲ್ಲಿ ಮಕ್ಕಳ ಚರ್ಮದ ಹುಣ್ಣುಗಳೂ ಕಿವಿಯ ತೊಂದರೆಗಳೂ ಸಾಕಷ್ಟು ಇಳಿದದ್ದನ್ನು ತೋರಿಸಿತು. ಕಿವಿ ಸರಿಯಾಗಿ ಕೇಳದ ಮಗುವಿಗೆ ಪಾಠ ಹೇಗೆ ಹತ್ತೀತು? ಇದು ನನಗೆ ತುಂಬ ಹಿಡಿಸಿದ ಉದಾಹರಣೆ. ಆದರೆ ನಿಯಮ ಹಾಜರಾತಿಗಷ್ಟೇ ಇರಲಿ, ಅಂಕಗಳಿಗೆ ಬೇಡ. ಪರೀಕ್ಷೆಯಲ್ಲಿ ಫೇಲಾದ ಹುಡುಗನನ್ನು ಮೈದಾನದಿಂದಲೂ ಹೊರಗೆ ಹಾಕಿದರೆ, ಅವನು ಗೆಲ್ಲಬಹುದಾಗಿದ್ದ ಒಂದೇ ಜಾಗವನ್ನೂ ನಾವು ಕಿತ್ತುಕೊಂಡಂತೆ. ಅಂಥ ಹುಡುಗರು ಆಮೇಲೆ ಶಾಲೆಗೂ ಬರುವುದಿಲ್ಲ. ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ವಿಷಯವನ್ನು ನಾವು ಸಭೆಗಳಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ದೂರದ ಹಳ್ಳಿಯಲ್ಲಿ ತರಬೇತುದಾರ ದೊಡ್ಡ ಮನುಷ್ಯ. ತಂಡಕ್ಕೆ ಆರಿಸುವವನು ಅವನು, ಪೇಟೆಗೆ ಕರೆದೊಯ್ಯುವವನು ಅವನು, ಹಾಸ್ಟೆಲಿಗೆ ಶಿಫಾರಸು ಮಾಡುವವನೂ ಅವನೇ. ಇಷ್ಟು ಅಧಿಕಾರ ಒಬ್ಬನ ಕೈಯಲ್ಲಿದ್ದಾಗ ಮಗು ತನಗಾದ ನೋವನ್ನು ಯಾರಿಗೆ ಹೇಳಬೇಕು? ಹೊಡೆತವನ್ನು ಶಿಸ್ತು ಎಂದು ಕರೆಯುವುದು ನಿಲ್ಲಬೇಕು. ಪಂದ್ಯಕ್ಕೆ ಬೇರೆ ಊರಿಗೆ ಹೋಗುವಾಗ ಇಬ್ಬರು ದೊಡ್ಡವರು ಜೊತೆಗಿರಬೇಕು, ಹುಡುಗಿಯರಿದ್ದರೆ ಅವರಲ್ಲೊಬ್ಬರು ಹೆಂಗಸಾಗಿರಬೇಕು. ಯಾವ ಮಗುವನ್ನೂ ಒಬ್ಬಂಟಿಯಾಗಿ ಕೋಣೆಗೆ ಕರೆಯಬಾರದು. ತರಬೇತುದಾರನ ಮೇಲೆ ದೂರು ಹೇಳಲು ಊರಿನಲ್ಲಿಯೇ ಇನ್ನೊಬ್ಬರ ಹೆಸರು, ಮೊಬೈಲ್ ನಂಬರ್ ಎಲ್ಲ ಮಕ್ಕಳಿಗೂ ಗೊತ್ತಿರಬೇಕು. ಇಷ್ಟನ್ನು ಮಾಡಲಾಗದಿದ್ದರೆ ಕಾರ್ಯಕ್ರಮವನ್ನು ಶುರು ಮಾಡಬೇಡಿ. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಊರೂರುಗಳ ನಡುವಿನ ಪಂದ್ಯಗಳ ಬಗ್ಗೆಯೂ ಎಚ್ಚರ ಬೇಕು. ಆಟ ತಾನಾಗಿಯೇ ಸ್ನೇಹವನ್ನು ತರುವುದಿಲ್ಲ. ಹಳೆಯ ದ್ವೇಷಕ್ಕೆ ಹೊಸ ನೆಪವನ್ನೂ ಕೊಡಬಲ್ಲದು. 1994ರಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದ ಮೊದಲ ಆಫ್ರಿಕನ್ ಮಹಿಳೆ ಕೆನ್ಯಾದ ಟೆಗ್ಲಾ ಲೊರುಪೆ, ದನಗಳಿಗಾಗಿ ಬಂದೂಕು ಹಿಡಿದು ಕಾದಾಡುತ್ತಿದ್ದ ಬುಡಕಟ್ಟುಗಳ ಸೀಮೆಯಲ್ಲಿ 2003ರಿಂದ ಶಾಂತಿಯ ಓಟಗಳನ್ನು ನಡೆಸಿದರು. ಕಾದಾಡುವ ಯುವಕರೇ ಬಂದು ಒಂದೇ ಗೆರೆಯ ಮೇಲೆ ನಿಂತು ಓಡಬೇಕಿತ್ತು. ಓಟ ಅಲ್ಲಿ ಮಾತುಕತೆಗೆ ಒಂದು ಬಾಗಿಲು. ಓಟ ಮುಗಿದ ಮೇಲೆ ಕೂರಿಸಿ ಮಾತಾಡಿಸುವ ಕೆಲಸವನ್ನು ಮಾಡುವವರು ಬೇಕು, ಅದೇ ಬಹಳ ಹಿಡಿಯುತ್ತದೆ. ನಮ್ಮ ಮಟ್ಟದಲ್ಲಿ ನಾನು ಮಾಡುವುದು, ಎರಡು ಊರಿನ ಮಕ್ಕಳನ್ನು ಬೆರೆಸಿ ತಂಡ ಮಾಡುವುದು. ಊರಿನ ಹೆಸರಿನಲ್ಲಿ ಆಡುವುದು ಎರಡನೆಯ ವರ್ಷಕ್ಕೆ ಇರಲಿ.

ವರ್ಷ ಎಂದೆ. ಈ ಕೆಲಸಕ್ಕೆ ಹಣ ಕೊಡುವವರು ಆರು ತಿಂಗಳಿಗೆ ವರದಿ ಕೇಳುತ್ತಾರೆ. ಎಷ್ಟು ಮಕ್ಕಳು ಬಂದರು, ಎಷ್ಟು ಪದಕ ಬಂತು ಎಂಬ ಎರಡು ಕಲಮುಗಳು. ನಾನು ಬೇರೆ ಪ್ರಶ್ನೆಗಳನ್ನು ಕೇಳುತ್ತೇನೆ. ನಾನು ಹೋಗದ ವಾರ ಆಟ ನಡೆಯಿತೇ? ಅಂಕದ ಪುಸ್ತಕ ಯಾರ ಕೈಬರಹದಲ್ಲಿದೆ? ಸೋತ ತಂಡ ಮರುದಿನ ಬಂತೇ? ಕಳೆದ ವರ್ಷ ಆಡಿದ ಹುಡುಗಿಯರಲ್ಲಿ ಎಷ್ಟು ಜನ ಈ ವರ್ಷವೂ ಇದ್ದಾರೆ? ಬೀರಿನ ಕೀಲಿ ಎಲ್ಲಿದೆ?

ಆ ಹಳ್ಳಿಗೆ ಸುಮಾರು ಒಂದೂವರೆ ವರ್ಷದ ನಂತರ ನಾನು ಮುನ್ಸೂಚನೆ ಕೊಡದೆ ಹೋದೆ. ಬೆಳಗಿನ ಹೊತ್ತು. ಶಾಲೆಯ ಹಿಂದೆ ಆಟ ನಡೆದಿತ್ತು, ಹುಡುಗಿಯರು, ಹುಡುಗರು ಬೆರೆತ ತಂಡಗಳು. ಮರದ ನೆರಳಿನಲ್ಲಿ ನಾಲ್ಕೈದು ಪುಟ್ಟ ಮಕ್ಕಳು. ಅಂಕದ ಪುಸ್ತಕದ ಬೆನ್ನಿಗೆ ದಾರ ಕಟ್ಟಿ, ಪಂಪಿನ ಸೂಜಿಯೊಂದನ್ನು ಅದಕ್ಕೆ ನೇತುಹಾಕಿದ್ದರು. ಸರ್ವ್ ಮಾಡಲು ನಿಂತಿದ್ದ ಹೊಸ ಹುಡುಗನೊಬ್ಬ ಕೈಯನ್ನು ತಪ್ಪಾಗಿ ಹಿಡಿದಿದ್ದ. ತಡೆಯಲಾಗದೆ ನಾನು ನೇರವಾಗಿ ಅಂಕಣದೊಳಕ್ಕೆ ನಡೆದು ಅವನ ಮೊಣಕೈ ಹಿಡಿದು ತಿದ್ದಲು ಹೋದೆ.

ಸೀಟಿ ಊದಿತು. ಕಂಬದ ಪಕ್ಕ ನಿಂತಿದ್ದ ಆ ಹುಡುಗಿ ಕೈ ಎತ್ತಿದ್ದಳು. "ಟೀಚರ್, ಆಟ ನಡೆಯುತ್ತಿದೆ. ದಯವಿಟ್ಟು ಗೆರೆಯ ಆಚೆ ನಿಲ್ಲಿ."

ನಾನು ಗೆರೆಯ ಆಚೆ ಹೋಗಿ ನಿಂತೆ. ಅವಳು ಇನ್ನೊಮ್ಮೆ ಊದಿದಳು, ಹುಡುಗ ಸರ್ವ್ ಮಾಡಿದ.